ಗೋಡೆಯಾಚೆಯ ಕ್ಯಾರೆಟ್ ಸಿಪ್ಪೆ

ಅಂಗಳದ ಮೂಲೆಯ ಕ್ಯಾರೆಟ್ ಸಿಪ್ಪೆಯ ರಾಶಿ ಎರಡು ದಿನಕ್ಕೆ ನೀರು ಬಿಟ್ಟು, ಮೂರನೆಯ ದಿನಕ್ಕೆ ಮೂಗು ಮುಚ್ಚಿಸುತ್ತಿತ್ತು. ತರಕಾರಿ ಹೆಚ್ಚುವ ಕಾರ್ಖಾನೆಯಲ್ಲಿ ದುಡಿಯುವ ಹಿರಿಸೊಸೆ ಅದನ್ನು ಕೋಳಿಗಳಿಗೆಂದು ಹೊತ್ತು ತರುತ್ತಿದ್ದಳು. ಕೋಳಿಗಳು ಎರಡು ಸಲ ಕೆದಕಿ ಮುಖ ತಿರುಗಿಸುತ್ತಿದ್ದವು. ಉಳಿದದ್ದು ನೊಣಗಳ ಪಾಲು.

"ಮೊಟ್ಟೆ ಇಡದ ಕೋಳಿ ಯಾಕೆ? ಭಾನುವಾರ ಮಾರಿಬಿಡೋಣ," ಎಂದ ಗಂಡ. ಆ ಮನೆಯಲ್ಲಿ ಅವಳದೆಂದು ಇದ್ದದ್ದು ಆ ಹನ್ನೊಂದು ಕೋಳಿ ಮಾತ್ರ.

ಅದೇ ಕಾರ್ಖಾನೆಯ ಸಿಪ್ಪೆ ಗೋಡೆಯಾಚೆ ವಾರಗಿತ್ತಿಯ ಮನೆಗೂ ಹೋಗುತ್ತಿತ್ತು. ಅಲ್ಲಿ ನಾತವಿಲ್ಲ, ನೊಣವಿಲ್ಲ. ಬ್ರೆಡ್ಡಿನ ಪರಿಮಳ! ಮೊಟ್ಟೆಯಿಟ್ಟ ಕೋಳಿಗಳ ಕೂಗು ದಿನಾ ಬೆಳಿಗ್ಗೆ ಹಿರಿಯವಳ ಎದೆಗೆ ಚುಚ್ಚುತ್ತಿತ್ತು.

ಒಂದು ದಿನ ಕಿರಿಯವಳು ಚುಕ್ಕಿ ಕೋಳಿಯನ್ನು ಕಂಕುಳಲ್ಲಿ ಅವುಚಿಕೊಂಡು ಬಂದಳು.

"ಅಕ್ಕಾ, ನಿಮ್ಮ ಕೋಳಿ. ಗೋಡೆ ಹಾರಿ ಬಂದು ನಮ್ಮಲ್ಲೇ ಮೇಯ್ತಿದೆ. ತಗೊಳ್ಳಿ, ಅದರ ಮೊಟ್ಟೆ."

"ಅತ್ತೇನ ನಿನ್ನ ಕಡೆ ಮಾಡ್ಕೊಂಡಿದ್ದು ಸಾಲ್ಲಿಲ್ವಾ? ಈಗ ಕೋಳೀನೂನಾ?"

"ಅತ್ತೆ ಗೋಡೆ ಹಾರಲ್ಲ ಬಿಡಿ," ಕಿರಿಯವಳು ನಕ್ಕಳು. "ಬನ್ನಿ, ತೋರಿಸ್ತೀನಿ. ಸಿಪ್ಪೆಗೆ ಯೀಸ್ಟ್ ಹಾಕಿ..."

"ನಿನ್ನ ಹತ್ರ ಕಲಿಯೋ ಗತಿ ನನಗಿನ್ನೂ ಬಂದಿಲ್ಲ."

ಆ ಸಂಜೆಯೇ ಅವಳು ಒಗೆಯುವ ಕಲ್ಲಿನ ಮೇಲೆ ಹತ್ತಿ ಇಣುಕಿದಳು. ಸಿಪ್ಪೆ ಕೊಚ್ಚಿ ಕುದಿಸಿದ್ದು ಕಂಡಿತು, ಇಳಿಸಿದ್ದು ಕಂಡಿತು. ಕಿರಿಯವಳು ಒಳಗೆ ಹೋದವಳು ಬರಲೇ ಇಲ್ಲ. ಕಾಲು ಜೋಮು ಹಿಡಿದು ಇವಳು ಕೆಳಗಿಳಿದಳು. ಮತ್ತೆ ಹತ್ತಿದಾಗ ಕಿರಿಯವಳು ಮೊಣಕೈಯನ್ನು ಪಾತ್ರೆಗೆ ಅದ್ದುತ್ತಿದ್ದಳು. 'ಹೊಸ ಬಳೆ ಮೆರೆಸೋ ವಯ್ಯಾರ!' ಎಂದು ಹಿರಿಯವಳು ಹಲ್ಲು ಕಡಿದಳು. ಆಮೇಲೆ ಒಂದು ಚಮಚ ಪುಡಿ, ಮೇಲೊಂದು ತೆಳು ಬಟ್ಟೆ. ಇಷ್ಟೇ ತಾನೆ?

ಮರುದಿನ ಬೇಕರಿಯಿಂದ ಬ್ರೆಡ್ ಉಬ್ಬಿಸುವ ಯೀಸ್ಟ್ ಪುಡಿ ತಂದಳು. ಪಾತ್ರೆ ಒಲೆಯಿಂದ ಇಳಿದದ್ದೇ ತಡ, ಪುಡಿ ಸುರಿದಳು. ಅವಳದು ಒಂದು ಚಮಚವಾದರೆ ಇವಳದು ಮೂರು. ಎರಡು ದಿನ ಕಾದರೂ ನೊರೆ ಬರಲಿಲ್ಲ. ಬಂದದ್ದು ಹಸಿರು ಬೂಷ್ಟು.

ಬೆಳಗಾದರೆ ಭಾನುವಾರ, ಕೋಳಿ ವ್ಯಾಪಾರಿ ಬರುವ ದಿನ. ಅವಳು ಪಾತ್ರೆ ಎತ್ತಿಕೊಂಡು ವಾರಗಿತ್ತಿಯ ಬಾಗಿಲಿಗೆ ಹೋದಳು.

"ನೋಡು, ಬೇಕೂಂತಲೇ ತಪ್ಪು ತೋರಿಸಿದ್ದೀಯ!"

"ನಾನು ಯಾವಾಗ ತೋರಿಸಿದೆ, ಅಕ್ಕಾ?"

ಹಿರಿಯವಳ ಕಣ್ಣು ಗೋಡೆಯ ಕಡೆ ಹೋಗಿ ಬಂತು. ಕಿರಿಯವಳು ಅದನ್ನು ಕಂಡೂ ಕಾಣದಂತೆ ಪಾತ್ರೆಗೆ ಬಗ್ಗಿದಳು.

"ಇದನ್ನ ಕೋಳಿಗೆ ಹಾಕ್ಬೇಡಿ, ಹೂತುಬಿಡಿ. ಬಿಸಿ ಬಿಸೀಲೇ ಹಾಕಿದ್ರಾ? ಯೀಸ್ಟಿಗೆ ಜೀವ ಇದೆ. ಸುಡೋದ್ರಲ್ಲಿ ಹಾಕಿದ್ರೆ ಸತ್ತುಹೋಗುತ್ತೆ."

"ಮತ್ತೆ ಎಷ್ಟು ಬಿಸಿ ಇರ್ಬೇಕು?"

"ಕೂಸಿಗೆ ಸ್ನಾನದ ನೀರು ಹೇಗೆ ನೋಡ್ತಿದ್ರಿ?"

ಹಿರಿಯವಳು ತನ್ನ ಮೊಣಕೈ ನೋಡಿಕೊಂಡಳು. ಮೂರು ಮಕ್ಕಳ ಸ್ನಾನದ ನೀರಿನ ಬಿಸಿ ನೋಡಿದ ಮೊಣಕೈ ಅದು.

"ಸಿಪ್ಪೇಲಿರೋ ಸಕ್ಕರೆ ತಿಂದು ಯೀಸ್ಟ್ ಬೆಳೆಯುತ್ತೆ, ಆಗ ನೊರೆ ಏಳುತ್ತೆ," ಎಂದಳು ಕಿರಿಯವಳು. "ಬೆಳೆದ ಯೀಸ್ಟಲ್ಲಿ ಪ್ರೋಟೀನ್ ಇದೆ, ವಿಟಮಿನ್ ಇದೆ ಅಂತ ಪಶುವೈದ್ಯೆ ಹೇಳಿದ್ರು. ಮುಚ್ಚಳ ಬಿಗೀಬೇಡಿ, ಗಾಳಿ ಆಡ್ಲಿ. ಆಗಾಗ ಕಲಕಿ. ಎರಡು ದಿನ ಆದ್ಮೇಲೆ ಮತ್ತೆ ಕುದಿಸಿ, ಆರಿಸಿ, ದಿನದ ಮೇವಿನ ಜೊತೆ ಸ್ವಲ್ಪ ಕೊಡಿ. ಬರೀ ಇದನ್ನೇ ಹಾಕ್ಬಾರ್ದು."

ಭಾನುವಾರ ವ್ಯಾಪಾರಿ ಬಂದಾಗ ಹಿರಿಯವಳು ಗೂಡಿನ ಬಾಗಿಲಿಗೆ ಅಡ್ಡ ನಿಂತಳು. "ಒಂದು ತಿಂಗಳು ತಡೀರಿ," ಎಂದಳು ಗಂಡನಿಗೆ. ಹಿಂದಿನ ದಿನ ಹೊಸದಾಗಿ ಯೀಸ್ಟ್ ಹಾಕಿ ಒಲೆಯ ಪಕ್ಕ ಇಟ್ಟ ಪಾತ್ರೆಯಲ್ಲಿ ಆಗಲೇ ನೊರೆ ಎದ್ದಿತ್ತು.

ನಾಲ್ಕನೆಯ ವಾರ ಬುಟ್ಟಿಯಲ್ಲಿ ಐದು ಮೊಟ್ಟೆ. ಗಂಡ ಎಣಿಸಿ, ಮಾರುವ ಮಾತು ಬಿಟ್ಟ. ಅವಳು ಒಂದನ್ನು ಹಿಡಿದು ವಾರಗಿತ್ತಿಯ ಮನೆಗೆ ಹೋದಳು.

"ನಿನ್ನ ಕೋಳೀದಕ್ಕಿಂತ ದೊಡ್ಡದು. ನೋಡ್ಕೋ."

"ಹೌದಕ್ಕಾ," ಎಂದಳು ಕಿರಿಯವಳು, "ದೊಡ್ಡದೇ."

ನಿಮ್ಮ ಅಂಗಳದಲ್ಲೂ ತರಕಾರಿ ಸಿಪ್ಪೆ ಕೊಳೆಯುತ್ತಿದೆಯೆ? ಎಸೆಯುವ ಮೊದಲು ಪಶುವೈದ್ಯರನ್ನು ವಿಚಾರಿಸಿ. ಯೀಸ್ಟ್ ಹಾಕುವ ಮೊದಲು ಮೊಣಕೈ ಅದ್ದಿ ನೋಡಿ. ಬೂಷ್ಟು ಹಿಡಿದದ್ದನ್ನು ಯಾವ ಪ್ರಾಣಿಗೂ ಕೊಡಬೇಡಿ. ಇದನ್ನು ಮಾಡಿ ತಿಳಿದವರು ಪಕ್ಕದಲ್ಲೇ ಇದ್ದರೆ ಗೋಡೆಯ ಮೇಲಿಂದ ಇಣುಕಬೇಡಿ, ಬಾಗಿಲು ತಟ್ಟಿ.