ಎರಡನೆಯ ಓದು

ಆ ಬೀದಿಯಲ್ಲಿ ಅವಳಿಗೆ ‘ಎರಡ್ಸಲ ಮೇಡಂ’ ಎಂದೇ ಹೆಸರು. ಏನು ಮಾಡಿದರೂ ಎರಡು ಸಲ ನೋಡದೆ ಅವಳಿಗೆ ಸಮಾಧಾನವಿಲ್ಲ. ಅಂಗಡಿಯ ಬೀಗ ಎಳೆದು ನೋಡಿ, ನಾಲ್ಕು ಹೆಜ್ಜೆ ಹೋಗಿ, ಮತ್ತೆ ಬಂದು ಎಳೆಯುವಳು. “ನನ್ನ ಮಗ ಮದುವೆಗೆ ಒಪ್ಪಿಗೆ ಅಂದಾಗ್ಲೂ ಇವಳು ‘ಇನ್ನೊಂದ್ಸಲ ಹೇಳಿ’ ಅಂದಿದ್ಳು” ಎಂದು ಗಿರಾಕಿಗಳ ಮುಂದೆ ಮಾವ ತಮಾಷೆ ಮಾಡುತ್ತಿದ್ದರು. ಅಂಗಡಿ ಒಂದು, ಮೇಜು ಎರಡು. ಕಿಟಕಿ ಪಕ್ಕದ ಮೇಜಿನಲ್ಲಿ ಮಾವನ ಕೈಗಡಿಯಾರಗಳು, ಗೋಡೆ ಪಕ್ಕದ್ದರಲ್ಲಿ ಅವಳ ಲ್ಯಾಪ್‌ಟಾಪುಗಳು.

ಮಂಗಳವಾರ ಬೆಳಿಗ್ಗೆ ಬಂದ ಹೆಂಗಸು ಬ್ಯಾಗನ್ನು ಮೇಜಿನ ಮೇಲಿಡದೆ ಮಡಿಲಲ್ಲೇ ಇಟ್ಟುಕೊಂಡು ಕೂತಳು.

“ನನ್ನ ತಮ್ಮಂದು. ಲಿಫ್ಟ್ ಪರೀಕ್ಷೆ ಮಾಡೋ ಕೆಲಸ ಅವನದು. ಹೋದ ತಿಂಗಳು ಪರೀಕ್ಷೆಗೆ ಹೋಗಿದ್ದ ಲಿಫ್ಟೇ ಅವನನ್ನ ಹಾಕ್ಕೊಂಡು ಬಿತ್ತು.” ಅವಳ ದನಿ ಅಳು ದಾಟಿ ಎಷ್ಟೋ ದಿನವಾದಂತಿತ್ತು. “ಶನಿವಾರ ಸಂಜೆ. ಕಟ್ಟಡದಲ್ಲಿ ಒಂದು ನರಪಿಳ್ಳೆ ಇರ್ಲಿಲ್ಲ. ಸೋಮವಾರ ನೋಡಿದಾರೆ. ಭಾನುವಾರ ಮಧ್ಯಾಹ್ನದವರೆಗೂ ಜೀವ ಇದ್ದಿರ್ಬೇಕು ಅಂದ್ರು ಡಾಕ್ಟ್ರು. ಫೋನು ಚೂರುಚೂರಾಗಿತ್ತು. ಇದು ಕೈ ಕೆಳಗಿತ್ತಂತೆ.”

ಕಟ್ಟಡದವರ ವಾದ ಬೇರೆಯೇ. ಲಿಫ್ಟ್ ಸರಿಯಿದೆ ಎಂದು ಆತನೇ ಬಾಯಿಬಿಟ್ಟು ಹೇಳಿದ್ದ, ಆತನ ತಪ್ಪಿಗೆ ಆತನೇ ಹೋದ ಎನ್ನುತ್ತಿದ್ದರು. ಆದರೆ ಬೀಳುವ ಮೊದಲು ಆತ ಈ ಅಕ್ಕನಿಗೆ ಫೋನ್ ಮಾಡಿದ್ದ: ‘ಇದನ್ನ ಪಾಸ್ ಮಾಡಿಲ್ಲ ಅಕ್ಕ, ವರದಿ ಬರೆದಿಟ್ಟಿದೀನಿ, ಲಿಫ್ಟ್ ಒಳಗಿಂದ ಒಂದೆರಡು ಫೋಟೊ ತೆಗೆದು ಹೊರಡ್ತೀನಿ.’ ಆ ವರದಿ ಈ ಲ್ಯಾಪ್‌ಟಾಪಿನಲ್ಲಿ ಬಿಟ್ಟರೆ ಎಲ್ಲೂ ಇಲ್ಲ. ಗುರುವಾರ ವಿಚಾರಣೆ.

“ಪಾಸ್‌ವರ್ಡ್ ಗೊತ್ತಾ?”

“ಇಲ್ಲ. ಹನ್ನೊಂದು ಊಹೆ ಬರ್ಕೊಂಡು ಬಂದಿದೀನಿ” ಎಂದು ಮಡಚಿದ ಕಾಗದ ಕೊಟ್ಟಳು.

ಲ್ಯಾಪ್‌ಟಾಪ್ ಹೆಣದ ಹಾಗಿತ್ತು. ಗುಂಡಿ ಒತ್ತಿದರೆ ದೀಪವಿಲ್ಲ, ಫ್ಯಾನಿಲ್ಲ. ಅವಳು ಬ್ಯಾಟರಿ ತೆಗೆದು, ತಂತಿಪಟ್ಟಿ ಬಿಡಿಸಿ ಕೀಬೋರ್ಡನ್ನು ಪಕ್ಕಕ್ಕಿಟ್ಟು, ಬೋರ್ಡಿನ ಮೂಲೆಯಲ್ಲಿದ್ದ ಎಂಟು ಕಾಲಿನ ಸಣ್ಣ ಚಿಪ್ಪಿಗೆ ಕ್ಲಿಪ್ ಹಾಕಿದಳು. ತಾನು ಯಾವ ಯಂತ್ರ, ಏಳುವುದು ಹೇಗೆ ಎಂಬುದನ್ನೆಲ್ಲ ಲ್ಯಾಪ್‌ಟಾಪ್ ತಿಳಿದುಕೊಳ್ಳುವುದು ಈ ಚಿಪ್ಪಿನಿಂದ. ಅದರೊಳಗಿನ ಬರಹ ಕೆಟ್ಟಿದ್ದರೆ ಉಳಿದದ್ದೆಲ್ಲ ನೆಟ್ಟಗಿದ್ದರೂ ಯಂತ್ರ ಏಳದು. ಚಿಪ್ಪಿನಲ್ಲಿದ್ದುದನ್ನು ಅವಳು ತನ್ನ ಕಂಪ್ಯೂಟರಿಗೆ ಓದಿಸಿಕೊಂಡಳು. ಆಮೇಲೆ ಎಂದಿನಂತೆ ಎರಡನೆಯ ಸಲ ಓದಿಸಿ ಎರಡನ್ನೂ ಹೋಲಿಸಿದಳು.

ಒಂದು ಕಡೆ ವ್ಯತ್ಯಾಸವಿತ್ತು.

ಕ್ಲಿಪ್ ಸರಿಯಾಗಿ ಕೂತಿಲ್ಲವೆಂದುಕೊಂಡು ಕಾಲುಗಳನ್ನು ಒರೆಸಿ ಮತ್ತೆ ಓದಿಸಿದಳು. ಈಗಲೂ ಅದೇ ಜಾಗ. ಬೋರ್ಡಿನಿಂದ ವಿದ್ಯುತ್ ಸೋರುತ್ತಿರಬಹುದೆಂದು ಬಿಸಿಗಾಳಿಯಲ್ಲಿ ಬೆಸುಗೆ ಕರಗಿಸಿ ಚಿಪ್ಪನ್ನೇ ಕಿತ್ತು, ಓದುವ ಸಾಕೆಟ್ಟಿನಲ್ಲಿ ಕೂರಿಸಿದಳು. ಈಗ ಅದಕ್ಕೂ ಲ್ಯಾಪ್‌ಟಾಪಿಗೂ ಯಾವ ಸಂಬಂಧವೂ ಇಲ್ಲ. ಆದರೂ ಬದಲಾಗುತ್ತಿದ್ದದ್ದು ಅದೇ ಜಾಗ. ಅದು ಯಾವ ಜಾಗವೆಂದು ಹುಡುಕಿ, ಸಿಕ್ಕಿದ್ದನ್ನು ಎರಡು ಸಲ ಓದಿದಳು. ಯಂತ್ರವನ್ನು ಎಬ್ಬಿಸಲು ಎಷ್ಟು ಸಲ ಗುಂಡಿ ಒತ್ತಲಾಗಿದೆ ಎಂಬ ಎಣಿಕೆ ಅದು. ಬೆಳಿಗ್ಗೆ 4118 ಇತ್ತು. ಮಧ್ಯಾಹ್ನದ ಹೊತ್ತಿಗೆ 4131.

“ಮಾವ, ಇಲ್ಲಿ ಸ್ವಲ್ಪ ಬನ್ನಿ.”

ಮಾವ ಕಣ್ಣಿನ ಮಸೂರವನ್ನು ಹಣೆಗೇರಿಸಿ ಬಂದರು. ವಿಷಯ ಕೇಳಿ, “ನಿನ್ನ ಓದೋ ಡಬ್ಬಾನೇ ಕೆಟ್ಟಿರತ್ತೆ ಕಣಮ್ಮ” ಎಂದರು.

“ಬೇರೆ ಮೂರು ಚಿಪ್ ಹಾಕಿ ನೋಡ್ದೆ. ಒಂದೂ ಕದಲ್ಲಿಲ್ಲ.”

“ಮೂರನ್ನೂ ಎರಡೆರಡು ಸಲ ನೋಡಿರ್ತೀಯ ಬಿಡು.” ನಗಲು ಹೋದವರು ನಗಲಿಲ್ಲ. ಕುರ್ಚಿ ಎಳೆದುಕೊಂಡು, ಮೇಜಿನ ಮೇಲೆ ಗಡಿಯಾರವೊಂದನ್ನಿಟ್ಟು, ಎಣಿಕೆ ಏರಿದಾಗಲೆಲ್ಲ ಹೊತ್ತು ಬರೆದುಕೊಳ್ಳತೊಡಗಿದರು. ಸಂಜೆಯವರೆಗೂ ಬರೆದರು. ಐವತ್ತು ವರ್ಷ ಟಿಕ್‌ಟಿಕ್ ಕೇಳಿದ ಕಿವಿ ಅವರದು. ಕೊನೆಗೆ ಕಾಗದವನ್ನು ಅವಳತ್ತ ತಿರುಗಿಸಿದರು.

“ಯಂತ್ರ ಕೆಟ್ರೂ ಅದಕ್ಕೊಂದು ಲೆಕ್ಕ ಇರತ್ತೆ. ಹಿಂದೆ ಓಡ್ಲಿ, ಮುಂದೆ ಓಡ್ಲಿ, ಓಡೋದು ಒಂದೇ ಸಮ. ಇದನ್ನ ನೋಡು. ಮೂರು ಸಲ ಬೇಗಬೇಗ. ಆಮೇಲೆ ಸ್ವಲ್ಪ ತಡ್ದು ಇನ್ನೊಂದ್ಸಲ. ಆಮೇಲೆ ಅರ್ಧ, ಮುಕ್ಕಾಲು ಗಂಟೆ ಏನೂ ಇಲ್ಲ. ಮತ್ತೆ ಶುರು.” ಅವರು ದನಿ ತಗ್ಗಿಸಿದರು. “ಯಾರೋ ಒತ್ತಿ ಒತ್ತಿ ಸುಸ್ತಾಗಿ, ಸುಧಾರಿಸ್ಕೊಂಡು, ಮತ್ತೆ ಒತ್ತೋ ಹಾಗಿದೆ ಕಣಮ್ಮ.”

ಅವಳು ವಿಜ್ಞಾನ ಓದಿದವಳು, ಕಾರಣ ಸಿಗದ್ದನ್ನು ಕಾರಣ ಸಿಗುವವರೆಗೆ ಪಕ್ಕಕ್ಕಿಡುವುದು ಅವಳ ಶಿಸ್ತು. ಆದರೆ ಆ ಮೇಜಿನ ಮೇಲೆ ಇದನ್ನಿಡಲು ಪಕ್ಕವೆಂಬುದೇ ಉಳಿದಿರಲಿಲ್ಲ.

ಬುಧವಾರ ಬೆಳಿಗ್ಗೆ ತೀರಿಕೊಂಡವನ ಅಕ್ಕನನ್ನು ಕರೆಸಿ ಎಲ್ಲವನ್ನೂ ಹೇಳಿದಳು. ಅದೇ ಮಾದರಿಯ ಯಂತ್ರದ ಶುದ್ಧ ಬರಹ ತನ್ನ ಬಳಿ ಇದೆ. ಪೂರ್ತಿ ಅದನ್ನೇ ಹಾಕಿದರೆ ಲ್ಯಾಪ್‌ಟಾಪ್ ಏಳುತ್ತದೆ, ಆದರೆ ತಾನು ಬೇರೆ ಯಾವುದೋ ಯಂತ್ರವೆಂದುಕೊಂಡು. ಆಗ ಬೀಗ ಬಿದ್ದಿರುವ ಡಿಸ್ಕ್ ಯಾವತ್ತೂ ತೆರೆಯದು. ಆದ್ದರಿಂದ ಕೆಟ್ಟ ಭಾಗಗಳಿಗೆ ಮಾತ್ರ ಶುದ್ಧ ಬರಹ ತುಂಬಿ, ಗುರುತಿನ ಪುಟವನ್ನು ಹಳೆಯದೇ ಉಳಿಸಬೇಕು. ಎಣಿಕೆ ಇರುವುದೂ ಆ ಪುಟದಲ್ಲೇ. ಬರೆಯುವ ಐದು ನಿಮಿಷದಲ್ಲಿ ಅದು ಕದಲಿದರೆ ಎಲ್ಲವೂ ಹಾಳು.

ಅಕ್ಕ ಮಾವನ ಕಾಗದವನ್ನು ಬೆರಳಿಟ್ಟು ಓದಿದಳು.

“ಕತ್ತಲಲ್ಲಿ ಇದನ್ನ ಆನ್ ಮಾಡೋಕೆ ನೋಡಿರ್ತಾನೆ. ಯಾರಿಗಾದ್ರೂ ಸುದ್ದಿ ಕಳ್ಸೋಣ ಅಂತ.”

“ನಿಮಗೆ ಭಯ ಆದ್ರೆ ಬಿಟ್ಬಿಡೋಣ ತಾಯಿ” ಎಂದರು ಮಾವ.

“ಬಿಟ್ರೆ ಅವನು ಒತ್ತೋದು ನಿಲ್ಸ್ತಾನಾ?” ಅವಳು ಕಾಗದ ಮಡಚಿದಳು. “ಇಷ್ಟು ಒತ್ತಿದಾನಲ್ಲ, ಆನ್ ಆಗ್ಲಿ. ಮಾಡಿ ಮೇಡಂ.”

ಮೂವರೂ ಕಾದರು. ಹನ್ನೊಂದು ಗಂಟೆಗೆ ಎಣಿಕೆ ಮೂರು ಸಲ ಸರಸರನೆ ಏರಿತು. ಸ್ವಲ್ಪ ತಡೆದು ಇನ್ನೊಮ್ಮೆ. “ಈಗ ಸುಧಾರಿಸ್ಕೋತಾನೆ. ಬರಿ!” ಎಂದರು ಮಾವ. ಅವಳು ಕೊನೆಯ ಎಣಿಕೆಯಿದ್ದ ಪುಟವನ್ನು ಶುದ್ಧ ಬರಹಕ್ಕೆ ಕಸಿ ಮಾಡಿ, ಚಿಪ್ಪನ್ನು ಅಳಿಸಿ ಬರೆಯತೊಡಗಿದಳು. ಆ ಐದು ನಿಮಿಷವೂ ಅಕ್ಕ ಸಾಕೆಟ್ಟಿನ ಪಕ್ಕ ಅಂಗೈ ಊರಿ, ಮಲಗಿದವರನ್ನು ಎಬ್ಬಿಸಬಾರದೆಂಬಂತೆ ಕೂತಿದ್ದಳು. ಬರೆದದ್ದು ತಾಳೆಯಾಯಿತು. ಎರಡನೆಯ ಸಲವೂ ತಾಳೆಯಾಯಿತು.

ಚಿಪ್ಪನ್ನು ಬೋರ್ಡಿಗೆ ಬೆಸೆದು ಬ್ಯಾಟರಿ, ಚಾರ್ಜರ್ ಜೋಡಿಸಿದಳು. ಗುಂಡಿಯತ್ತ ಹೋದ ಅವಳ ಕೈಯನ್ನು ಅಕ್ಕ ಹಿಡಿದಳು.

“ನೀವು ಒತ್ಬೇಡಿ.”

ಗೋಡೆಗಡಿಯಾರಗಳೆಲ್ಲ ಒಂದೊಂದು ಹೊತ್ತು ತೋರಿಸುತ್ತ ಬಡಿದುಕೊಳ್ಳುತ್ತಿದ್ದವು. ಹನ್ನೆರಡಕ್ಕೆ ಇನ್ನೂ ಹತ್ತು ನಿಮಿಷವಿರುವಾಗ, ಯಾರೂ ಮುಟ್ಟದ ಯಂತ್ರದ ಫ್ಯಾನು ಉಸಿರೆಳೆದುಕೊಂಡಂತೆ ತಿರುಗಿತು. ಪರದೆ ಬೆಳಗಿ ಪಾಸ್‌ವರ್ಡ್ ಕೇಳಿತು.

ಅವಳು ಊಹೆಗಳ ಕಾಗದಕ್ಕೆ ಕೈಚಾಚಿದಳು. ಅದನ್ನು ಬಿಡಿಸುವ ಮೊದಲೇ ಪರದೆಯ ಮೇಲೊಂದು ಚುಕ್ಕಿ ಮೂಡಿತು. ತುಂಬ ಹೊತ್ತಿನ ಮೇಲೆ ಇನ್ನೊಂದು. ತಂತಿಪಟ್ಟಿ ಬಿಡಿಸಿದ ಕೀಬೋರ್ಡ್ ಮೇಜಿನ ಆ ತುದಿಯಲ್ಲಿ ಬೋರಲು ಬಿದ್ದಿತ್ತು. ಒಂದೇ ಬೆರಳಿನಿಂದ, ಕಾಣದ ಅಕ್ಷರಗಳನ್ನು ತಡವಿ ತಡವಿ ಹುಡುಕಿದಂತೆ, ಒಂಬತ್ತು ಚುಕ್ಕಿ. ಬೀಗ ತೆರೆಯಿತು.

ಮಾವ ಗೋಡೆಗೆ ಒರಗಿದರು. ಅವಳು ಮೌಸ್ ಜೋಡಿಸಿ ಹುಡುಕಿದಳು. ವರದಿ ಸಿಕ್ಕಿತು. ಶನಿವಾರ ಸಂಜೆ ಐದೂ ಹತ್ತಕ್ಕೆ ಉಳಿಸಿದ್ದು. ‘ಬ್ರೇಕ್ ಪೂರ್ತಿ ಸವೆದಿದೆ. ಲಿಫ್ಟ್ ಬಳಕೆಗೆ ಯೋಗ್ಯವಲ್ಲ. ಮಾಲೀಕರಿಗೆ ಇಂದೇ ತಿಳಿಸಿದ್ದೇನೆ.’ ಅಕ್ಕ ಅದನ್ನು ಗಟ್ಟಿಯಾಗಿ ಓದಿದಳು, ಕೇಳಬೇಕಾದವರು ಅಂಗಡಿಯಲ್ಲಿ ಇನ್ನೂ ಒಬ್ಬರು ಇದ್ದಾರೆಂಬಂತೆ. ವರದಿಯ ಎರಡು ಪ್ರತಿ ತೆಗೆದಾಯಿತು.

ಪರದೆಯಲ್ಲೇ ತೆರೆದು ನೋಡಿದರೆ ಎಣಿಕೆ ಒಂದೇ ಒಂದು ಏರಿ ನಿಂತಿತ್ತು. ಒಂದು ಗಂಟೆ ಕಾದರೂ ಮುಂದಕ್ಕೆ ಹೋಗಲಿಲ್ಲ. “ಮುಗೀತು” ಎಂದು ಮಾವ ಹಣೆ ಒರೆಸಿಕೊಂಡರು.

ಮುಗಿದಿಲ್ಲವೆಂದು ಅವಳಿಗೆ ಕಾಣಿಸಿತು. ಯಾರೂ ಮುಟ್ಟದಿದ್ದುದರಿಂದ ಪರದೆ ಮಂಕಾಗುತ್ತ ಬಂತು. ಪೂರ್ತಿ ಕಪ್ಪಾಗಬೇಕೆನ್ನುವಷ್ಟರಲ್ಲಿ ಥಟ್ಟನೆ ಬೆಳಗಿತು. ಎರಡು ನಿಮಿಷ ಬಿಟ್ಟು ಮತ್ತೆ ಮಂಕು, ಮತ್ತೆ ಬೆಳಕು. ಮೌಸ್ ಕದಲಿರಲಿಲ್ಲ. ಕತ್ತಲಾಗಲು ಬಿಡದ ಹಾಗೆ ಯಾರೋ ಎಚ್ಚರವಿದ್ದರು.

ಅಕ್ಕನೂ ಅದನ್ನೇ ನೋಡುತ್ತಿದ್ದಳು. “ಚಾರ್ಜರ್ ಎಷ್ಟು ಹೊತ್ತು ಹಾಕಿಟ್ರೂ ಏನಾಗಲ್ಲ ಅಲ್ವಾ?”

“ಏನಾಗಲ್ಲ.”

“ನಾಳೆ ವಿಚಾರಣೆ ಆದ್ಮೇಲೆ, ತಾಯಿ?” ಮಾವ ಮೆಲ್ಲಗೆ ಕೇಳಿದರು. “ಆಫ್ ಮಾಡ್ತೀರಾ?”

“ಹೇಗೆ ಮಾಡ್ಲಿ?” ಎಂದಳು ಅಕ್ಕ. ಕೀಬೋರ್ಡನ್ನೂ ಚಾರ್ಜರನ್ನೂ ಬ್ಯಾಗಿಗೆ ಹಾಕಿ, ಮುಚ್ಚಳ ಮುಚ್ಚದೆ, ನಿದ್ದೆಗಣ್ಣಿನ ಮಗುವನ್ನು ಎತ್ತಿಕೊಳ್ಳುವ ಹಾಗೆ ಲ್ಯಾಪ್‌ಟಾಪನ್ನು ಎರಡೂ ಕೈಯಲ್ಲಿ ಎತ್ತಿಕೊಂಡಳು. ಹಗಲ ಬೀದಿಗೆ ಇಳಿದಾಗಲೂ ಅದರ ಬೆಳಕು ಅವಳ ಗಲ್ಲದ ಮೇಲೆ ಒಮ್ಮೆ ಮಂಕಾಗಿ, ಮತ್ತೆ ಹೊತ್ತಿತು.