ಬಲಮಂಡಿಯ ಫಿಲ್ಮು

ಎರಡು ಮಂಡಿಯ ಎಕ್ಸ್‌ರೇಗೆ ಎಂಟುನೂರು, ಮಂಡಿಗೆ ಹಾಕುವ ಪಟ್ಟಿಗೆ ನಾನೂರು, ಮೂರು ಬಗೆಯ ಎಣ್ಣೆಗೆ ಹೆಚ್ಚುಕಡಿಮೆ ಅಷ್ಟೇ. ಇವೆಲ್ಲ ಅಗ್ಗದಲ್ಲೇ ಮುಗಿದವು. ಫಿಲ್ಮನ್ನು ಕಿಟಕಿಯ ಬೆಳಕಿಗೆ ಹಿಡಿದು ವಜೀರ್ ಸಾಬ್ ತನಗೆ ತಾನೇ ಕೊಟ್ಟುಕೊಂಡ ಸಲಹೆ ಪುಕ್ಕಟೆ ಬಂದದ್ದು, ದುಬಾರಿಯಾದದ್ದು ಅದೇ.

ಕಡೂರಿನ ವಜೀರ್ ಸಾಬ್ ಸಖರಾಯಪಟ್ಟಣದಿಂದ ತೆಂಗಿನಕಾಯಿ ಸಾಗಿಸುವ ಗೂಡ್ಸ್ ಗಾಡಿಗೆ ಮಾಲೀಕನೂ ಹೌದು, ಡ್ರೈವರೂ ಹೌದು. ಹಳೇ ಗಾಡಿ ಕೊಳ್ಳುವವರು ಅವನನ್ನು ಜೊತೆಗೆ ಕರೆದೊಯ್ಯುತ್ತಿದ್ದರು. ಬಣ್ಣ ನೋಡಬೇಡಿ, ಓಡಿಸಿ ನೋಡಿ ಎಂದು ಊರಿಗೆಲ್ಲ ಬುದ್ಧಿ ಹೇಳಿದ ಆಸಾಮಿ.

ಕ್ಲಚ್ ಒತ್ತುವಾಗ ನೋಯುತ್ತಿದ್ದದ್ದು ಎಡಮಂಡಿ. ಫಿಲ್ಮಿನಲ್ಲಿ ಅದು ಅಷ್ಟೇನೂ ಕೆಟ್ಟಿರಲಿಲ್ಲ. ನೋವೇ ಇಲ್ಲದ ಬಲಮಂಡಿಯಲ್ಲಿ ಮಾತ್ರ ಮೂಳೆಗಳ ನಡುವೆ ಸಂದೇ ಕಾಣದು, ಅಂಚಿನಲ್ಲಿ ಮುಳ್ಳಿನಂತೆ ಮೂಳೆ ಬೆಳೆದಿತ್ತು. ಎಡಬಲ ಅದಲುಬದಲಾಗಿದೆ ಎಂದು ಅವನು ಎಕ್ಸ್‌ರೇ ತೆಗೆದಲ್ಲಿಗೇ ಹೋಗಿ ಜಗಳಕ್ಕೆ ನಿಂತ. ಅಲ್ಲಿ ಕೆಲಸ ಮಾಡುವ ಅನಿತಾ ಫಿಲ್ಮಿನ ಮೂಲೆಯ ಎಡಬಲದ ಗುರುತು ತೋರಿಸಿ ಕಳಿಸಿದಳು. ಹಾಗಾದರೆ ಜಾಗ ತಪ್ಪಿರುವುದು ನನ್ನ ನೋವೇ ಇರಬೇಕು ಎಂದುಕೊಂಡು ಮನೆಗೆ ಬಂದ. ಸಂಜೆಯ ಹೊತ್ತಿಗೆ ಬಲಮಂಡಿಯೂ ನೋಯತೊಡಗಿತು.

ಬ್ರೇಕ್ ಒತ್ತುವ ಕಾಲು ಅದು. ಹೆದರಿ ಗಾಡಿ ನಿಲ್ಲಿಸಿ, ಮಂಚದ ಮೇಲೆ ಎರಡೂ ಕಾಲು ಚಾಚಿ ಕೂತ. ಡಾಕ್ಟರಿಗೆ ತೋರಿಸಿ ಎಂದು ಹೆಂಡತಿ ಜಹೀರುನ್ನೀಸಾ ಹೇಳಿದರೆ, ಕಣ್ಣಿಗೇ ಕಾಣುತ್ತಿರುವಾಗ ಡಾಕ್ಟರ್ ಯಾಕೆ ಎಂದ. ತಿಂಗಳೊಪ್ಪತ್ತಿನಲ್ಲಿ ಎರಡು ಕಾಲೂ ಜಡವಾದವು. ಗಾಡಿ ಮಾರಿಬಿಡುವುದೆಂದು ತೀರ್ಮಾನಿಸಿದ.

ಅಜ್ಜಂಪುರದ ಈರುಳ್ಳಿ ವ್ಯಾಪಾರಿ ಕಾಂತರಾಜ್ ಗಾಡಿ ನೋಡಲು ಬಂದ. ಇಷ್ಟು ಚೆನ್ನಾಗಿರುವುದನ್ನು ಮಾರುತ್ತಿದ್ದಾರೆಂದರೆ ಒಳಗೇನೋ ದೋಷವಿದೆ ಎಂಬ ಅನುಮಾನ ಅವನಿಗೆ. ದೋಷ ಗಾಡಿಯದಲ್ಲ, ಮಾಲೀಕನದು ಎಂದು ತೋರಿಸಲು ವಜೀರ್ ಸಾಬ್ ಫಿಲ್ಮ್ ಹೊರತೆಗೆದ. ಕಾಂತರಾಜ್ ಅದನ್ನು ನೋಡಿ ಲೊಚಗುಟ್ಟಿ, ಮೂವತ್ತು ಸಾವಿರ ಇಳಿಸಿ ಕೇಳಿದ. ಆ ಬೆಲೆಗೇ ಗಾಡಿ ಹೋಯಿತು.

ಬಂದ ದುಡ್ಡಿನಲ್ಲಿ ಅರ್ಧ ಹೋದದ್ದು ಮಗ ಉಮೈರನ ಮಳಿಗೆಯ ಅಡ್ವಾನ್ಸಿಗೆ. ಉಳಿದದ್ದರಲ್ಲಿ ಬಲಮಂಡಿಯ ಆಪರೇಷನ್ ಮಾಡಿಸೋಣವೆಂದು ಗಂಡಹೆಂಡತಿ ತರೀಕೆರೆಯ ಡಾಕ್ಟರ್ ಮಾಲಿನಿಯ ಬಳಿ ಹೋದರು. ಆಕೆ ಫಿಲ್ಮನ್ನು ಒಮ್ಮೆ ನೋಡಿ ಪಕ್ಕಕ್ಕಿಟ್ಟು, ಮಂಡಿಗಳನ್ನು ಒತ್ತಿ, ಮಡಿಸಿ, ಕೈಯೂರದೆ ಕುರ್ಚಿಯಿಂದ ಏಳಲು ಹೇಳಿದರು. ಅವನಿಗೆ ಏಳಲಾಗಲಿಲ್ಲ.

"ಫಿಲ್ಮ್ ನೋಡೋಕ್ ಮುಂಚೆ ಬಲಗಾಲು ನೋಯ್ತಿತ್ತಾ ಸಾಬ್ರೇ?"

"ಇಲ್ಲ ಮೇಡಂ. ನೋಡಿದ್ಮೇಲೆ ಶುರುವಾಯ್ತು."

"ಸವೆದಿರೋದು ನಿಜ. ಆದ್ರೆ ಸವೆತ ಫಿಲ್ಮಲ್ಲಿ ಕಾಣುತ್ತೆ, ನೋವು ಕಾಣಲ್ಲ. ಇದಕ್ಕಿಂತ ಸವೆದ ಮಂಡೀಲಿ ಹೊಲ ಉಳೋರಿದ್ದಾರೆ. ಚೆನ್ನಾಗಿರೋ ಫಿಲ್ಮ್ ಹಿಡ್ಕೊಂಡು ನೋವು ಅಂತ ಅಳೋರೂ ಇದ್ದಾರೆ, ಅವರದ್ದೂ ಸುಳ್ಳಲ್ಲ. ನೀವು ಕೂತೂ ಕೂತೂ ತೊಡೆ ಶಕ್ತಿ ಕಳ್ಕೊಂಡಿದ್ದೀರ. ಆಪರೇಷನ್ ಈಗ ಬೇಡ. ನಡೀರಿ, ಹೇಳ್ಕೊಡೋ ವ್ಯಾಯಾಮ ಮಾಡಿ."

"ಗಾಡಿ ಓಡಿಸ್ಬೋದಾ?"

"ಓಡಿಸ್ಬೋದಿತ್ತಲ್ಲ. ಬೇಡ ಅಂದೋರ್ಯಾರು?"

ಉತ್ತರ ಕೊಟ್ಟವಳು ಜಹೀರುನ್ನೀಸಾ: "ಆ ಡಾಕ್ಟ್ರು ನಮ್ಮನೇಲೇ ಅವ್ರೆ ಮೇಡಂ. ಮಂಚ ಬಿಟ್ಟು ಇಳಿಯಲ್ಲ."

ಕೆಲವು ತಿಂಗಳು ವಜೀರ್ ಸಾಬ್ ಕುರ್ಚಿಯಿಂದ ಎದ್ದು ಕೂತು ಮಾಡಿದ, ಬೀರೂರು ರಸ್ತೆಯಲ್ಲಿ ನಡೆದ. ಕಾಲಿಗೆ ಬಲ ಬಂದ ಮೇಲೆ ಗಾಡಿ ವಾಪಸ್ ಕೇಳಲು ಅಜ್ಜಂಪುರಕ್ಕೆ ಹೋದ. ಕಾಂತರಾಜ್ ತಾನು ಕೊಟ್ಟದ್ದಕ್ಕಿಂತ ಐವತ್ತು ಸಾವಿರ ಹೆಚ್ಚು ಹೇಳಿದ. ಅಷ್ಟು ಇಲ್ಲವೆಂದಾಗ ಟೀ ತರಿಸಿ, ತನಗೆ ಒಳ್ಳೇ ಡ್ರೈವರ್ ಸಿಗುತ್ತಿಲ್ಲ, ಬರುತ್ತೀರಾ ಎಂದು ಕೇಳಿದ.

ಈಗ ವಜೀರ್ ಸಾಬ್ ಅದೇ ಗಾಡಿಯಲ್ಲಿ ಈರುಳ್ಳಿ ಸಾಗಿಸುತ್ತಾನೆ, ಸಂಬಳಕ್ಕೆ. ಬಲಮಂಡಿ ನೋಯುವುದಿಲ್ಲ. ಎಡಮಂಡಿ ದೂರ ಹೋದ ದಿನ ನೋಯುತ್ತದೆ, ಮೊದಲಿನಷ್ಟಲ್ಲ. ಗಾಡಿ ಮಾತ್ರ ಅವನದಲ್ಲ.