ಚೆಂಡುಹೂವಿನ ಸಾಕ್ಷಿ

ಹೂವಿನ ರೈತರಿಗೆ ಸರ್ಕಾರ ಪರಿಹಾರ ಕೊಡುತ್ತದೆಂಬ ಸುದ್ದಿ ಊರಿಗೆ ಬರುವ ಹೊತ್ತಿಗೆ ತಂಗೆವ್ವನ ಹೊಲದಲ್ಲಿ ಹೂವೇ ಉಳಿದಿರಲಿಲ್ಲ.

ಜಮಖಂಡಿಯಿಂದ ಮುಧೋಳಕ್ಕೆ ಹೋಗುವ ದಾರಿಯ ಆ ಊರಲ್ಲಿ ಎಲ್ಲರದೂ ಕಬ್ಬು, ಅವಳೊಬ್ಬಳದು ಚೆಂಡುಹೂವು. ಗಂಡ ಶಿದ್ರಾಮಪ್ಪ ರೂಢಿ ಮಾಡಿಸಿದ ಬೆಳೆ. ಅವನು ತೀರಿಕೊಂಡ ಮೇಲೂ ಬಿಟ್ಟಿರಲಿಲ್ಲ. ಮಕ್ಕಳಿರಲಿಲ್ಲ. ನಸುಕಿನಲ್ಲಿ ಹೂ ಹರಿದು ಬುಟ್ಟಿ ತುಂಬಿ, ಮೊದಲ ಬಸ್ಸಿಗೆ ಜಮಖಂಡಿ ಪೇಟೆಗೆ ಹೋದರೆ ಅಲ್ಲಿ ಮಾತಾಡಿಸುವವರಾದರೂ ಸಿಗುತ್ತಿದ್ದರು. ಕೊರೋನಾ ಬಂದು ಬಸ್ಸು, ಪೇಟೆ, ಗುಡಿ, ಮದುವೆ ಎಲ್ಲ ಒಟ್ಟಿಗೇ ನಿಂತವು. ಕಬ್ಬು ಹೇಗೋ ತಡೆಯುತ್ತದೆ, ಹೂವು ತಡೆಯುವುದಿಲ್ಲ. ಬಿಟ್ಟರೆ ಗಿಡ ಕೆಡುತ್ತದೆಂದು ಅವಳು ದಿನಾ ಹರಿದು ಹೊಲದ ಮೂಲೆಗೆ ಸುರಿದಳು. ರಾಶಿ ಕೊಳೆತು ನಾರತೊಡಗಿದಾಗ ಟ್ರ್ಯಾಕ್ಟರ್ ಕರೆಸಿ ಹೊಲವನ್ನೆಲ್ಲ ಹೊಡೆಸಿಬಿಟ್ಟಳು.

ಅರ್ಜಿ ಹಾಕಿದ ಮೇಲೆ ತೋಟಗಾರಿಕೆ ಇಲಾಖೆಯ ಅಕ್ಷತಾ ಎಂಬ ಹುಡುಗಿ ಸ್ಕೂಟಿ ಮೇಲೆ ಹೊಲ ನೋಡಲು ಬಂದಳು. ನೋಡಲು ಬರೀ ಹೆಂಟೆ ಇತ್ತು. ಪಾಪ, ಆ ಹುಡುಗಿಗೂ ಏನು ಬರೆಯಬೇಕೋ ತಿಳಿಯಲಿಲ್ಲ.

"ಬಾಜೂ ಹೊಲದವ್ರು ಹೂ ಇದ್ವು ಅಂತ ಹೇಳಿದ್ರ ಪಂಚನಾಮೆ ಮಾಡ್ತೀನ್ರಿ, ಅವ್ವಾರ."

ಬಾಜೂ ಹೊಲ ಗಿರಮಲ್ಲಪ್ಪನದು. ಬಂಡಿ ದಾರಿಯ ಸಲುವಾಗಿ ಅವನಿಗೂ ಶಿದ್ರಾಮಪ್ಪನಿಗೂ ಕೋರ್ಟಿನಲ್ಲಿ ದಾವೆ ನಡೆದಿತ್ತು. ಶಿದ್ರಾಮಪ್ಪ ಸತ್ತ ಮೇಲೆ ದಾವೆ ಅಲ್ಲಿಗೇ ಬಿತ್ತು, ಮಾತು ಮಾತ್ರ ಮತ್ತೆ ಹುಟ್ಟಲಿಲ್ಲ. ಗಿರಮಲ್ಲಪ್ಪ ಅವನ ಮಣ್ಣಿಗೂ ಬಂದಿರಲಿಲ್ಲ. ತಂಗೆವ್ವ ಬೇರೆ ಹೆಸರು ಹುಡುಕುವಷ್ಟರಲ್ಲಿ, ಕಬ್ಬಿಗೆ ನೀರು ಹಾಯಿಸುತ್ತಿದ್ದ ಅವನನ್ನು ಅಕ್ಷತಾ ಕೂಗಿ ಕರೆದಿದ್ದಳು.

ಅವನು ಮುಖಕ್ಕೆ ಟವೆಲ್ ಸುತ್ತಿಕೊಂಡು ಬದುವಿನ ಆಚೆಯೇ ನಿಂತ. ಇಲ್ಲ ಅನ್ನುತ್ತಾನೆಂದುಕೊಂಡು ತಂಗೆವ್ವ ನೆಲ ನೋಡುತ್ತಿದ್ದಳು.

"ಇದ್ವುರಿ," ಅಂದ ಗಿರಮಲ್ಲಪ್ಪ. "ರಸ್ತೆ ಕಡೆ ಹಳದಿ, ಬಾವಿ ಕಡೆ ಕೇಸರಿ. ದಿನಾ ಮುಂಜಾನೆ ಅಕಿ ಒಬ್ಬಾಕಿನ ಹರೀತಿದ್ಲು. ಪ್ಯಾಟಿ ಬಂದ್ ಆದಮ್ಯಾಲೂ ಹರೀತಿದ್ಲು."

ಸಹಿ ಹಾಕಿ ನೀರಿನ ಕಡೆ ಹೋದ.

ಆ ದಿನಗಳಲ್ಲಿ ತನ್ನನ್ನು ಯಾರೂ ನೋಡಿಲ್ಲ ಎಂದೇ ತಂಗೆವ್ವ ತಿಳಿದಿದ್ದಳು. ಮಾರಲಾಗದ ಹೂವನ್ನು ಹರಿಯುತ್ತ ಒಬ್ಬಳೇ ಅತ್ತದ್ದೂ ಇತ್ತು. ಅದನ್ನೂ ಅವನು ಕಂಡಿರಬಹುದೆಂದು ನೆನೆದು ನಾಚಿಕೆಯೂ ಆಯಿತು, ಎಂಥದೋ ಸಮಾಧಾನವೂ ಆಯಿತು.

ಪರಿಹಾರದ ಹಣ ಜಮಾ ಆದ ಮೆಸೇಜು ಬಂದಾಗ ಹೇಳಿಕೊಳ್ಳಲು ಮನೆಯಲ್ಲಿ ಯಾರೂ ಇರಲಿಲ್ಲ. ಬಹಳ ಹೊತ್ತು ಫೋನು ಹಿಡಿದು ಕುಳಿತಿದ್ದು, ಕೊನೆಗೆ ಬದುವಿನ ತನಕ ಹೋದಳು.

"ಗಿರಮಲ್ಲಣ್ಣಾ, ರೊಕ್ಕ ಬಂದಾವು. ನಿನ್ನಿಂದ ಆತು."

ಅವನು ಸಲಿಕೆ ಊರಿ ನಿಂತ. "ಇದ್ದದ್ದು ಹೇಳೀನಿ, ತಂಗೆವ್ವಾ. ಯಾರ ಸಲುವಾಗೂ ಹೇಳಿಲ್ಲ," ಎಂದು ಮತ್ತೆ ಬಗ್ಗಿ ಕೆಲಸ ಹಿಡಿದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಬಾ ಎಂಬುದೂ ಇರಲಿಲ್ಲ. ಅವಳು ಮರಳಿದಳು.

ಆ ಹಣದಿಂದ ನರ್ಸರಿಯ ಅಗಿ ತಂದು ಮತ್ತೆ ಚೆಂಡುಹೂವನ್ನೇ ಹಚ್ಚಿದಳು. ದಸರೆಗೆ ಪೇಟೆ ತೆರೆದಿತ್ತು, ಹೂವು ಮಧ್ಯಾಹ್ನದೊಳಗೇ ಖಾಲಿಯಾಯಿತು. ಆದರೆ ಮುಖಕ್ಕೆ ಮಾಸ್ಕು ಕಟ್ಟಿದ ಮಂದಿ ಕೊಂಡು ಹೋದರೇ ಹೊರತು ನಿಂತು ಮಾತಾಡಲಿಲ್ಲ. ಮರಳುವ ಬಸ್ಸಿನಲ್ಲಿ ಗಿರಮಲ್ಲಪ್ಪ ಮುಂದಿನ ಸೀಟಿನಲ್ಲಿದ್ದ. ಇಬ್ಬರೂ ಊರ ಕ್ರಾಸಿನಲ್ಲಿ ಇಳಿದರು. ಕಬ್ಬಿನ ನಡುವಿನ ಕಾಲುದಾರಿಯಲ್ಲಿ ಅವನು ಮುಂದೆ, ಖಾಲಿ ಬುಟ್ಟಿ ಹೊತ್ತು ಅವಳು ಹಿಂದೆ. ಅವನು ನಡಿಗೆ ನಿಧಾನ ಮಾಡಲೂ ಇಲ್ಲ, ಜೋರು ಮಾಡಲೂ ಇಲ್ಲ. ಅವಳೂ ಅಷ್ಟೇ ಅಂತರ ಕಾಯ್ದುಕೊಂಡು ಊರ ತನಕ ನಡೆದಳು.